ವರ್ತಕರ ಕೂಟದಲ್ಲಿ ಅತಿಥಿಯ ಮಾತು



ನಿಮ್ಮದು ಜಿಲ್ಲೆಯ ಮುಖ್ಯ ಪಟ್ಟಣವಾಗಿರಲಿ, ತಾಲ್ಲೂಕಿನ ಊರಾಗಿರಲಿ, ವರ್ತಕರೂ ಉದ್ಯಮಿಗಳೂ ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಒಂದೆಡೆ ಸೇರುವ ಕೂಟವೊಂದು ಅಲ್ಲಿ ಇರುವ ಸಂಭವವುಂಟು. ಮೊದಲು ಉಪಾಹಾರ, ಅನಂತರ ಸ್ವಾಗತ, ಆಮೇಲೆ ಆ ದಿನದ ಅತಿಥಿಯ ಉಪನ್ಯಾಸ. ಅತಿಥಿಗಳು ಒಮ್ಮೆ ಅಕ್ಕಿ ಗಿರಣಿಯವರಾಗಿರುತ್ತಾರೆ, ಒಮ್ಮೆ ಔಷಧ ತಯಾರಿಸುವವರು, ಒಮ್ಮೆ ಸಾಫ್ಟ್‌ವೇರ್ ಸಂಸ್ಥೆ ಕಟ್ಟಿದ ತರುಣರು. ತಾವು ಉದ್ಯಮವನ್ನು ಹೇಗೆ ಆರಂಭಿಸಿದೆವು, ಹೇಗೆ ಬೆಳೆಸಿದೆವು ಎಂಬುದನ್ನು ಅವರು ಹೇಳುತ್ತಾರೆ, ಸಭಿಕರು ಕೇಳುತ್ತಾರೆ, ವಂದನಾರ್ಪಣೆಯಾಗುತ್ತದೆ. ನಿಮ್ಮಲ್ಲಿ ಕೆಲವರು ಅಂಥ ಸಭೆಯಲ್ಲಿ ಕುಳಿತವರೂ ಇರಬಹುದು, ನಿಂತು ಮಾತನಾಡಿದವರೂ ಇರಬಹುದು.

ಈ ಪದ್ಧತಿ ನಮಗೆ ಎಷ್ಟು ರೂಢಿಯಾಗಿದೆಯೆಂದರೆ, ಇದರಲ್ಲಿ ವಿಚಾರ ಮಾಡಬೇಕಾದದ್ದು ಏನಾದರೂ ಉಂಟೆ ಎಂದು ತೋರುವುದೇ ಇಲ್ಲ. ಆದರೆ ವರ್ತಕನೊಬ್ಬನು ತನ್ನ ಕಸಬಿನ ವಿಷಯವನ್ನು ಇತರ ವರ್ತಕರ ಮುಂದೆ ಬಿಚ್ಚಿ ಹೇಳುವುದು ಅಷ್ಟು ಸಹಜವಾದ ಸಂಗತಿಯಲ್ಲ. ಕಸಬಿನ ಗುಟ್ಟು ಮನೆಯೊಳಗೆ ಇರಬೇಕೆಂಬುದೇ ಲೋಕದ ಹಳೆಯ ನಡವಳಿಕೆ. ಬಣ್ಣ ಹಾಕುವವನು ಬಣ್ಣದ ಪಾಕವನ್ನು ಮಗನಿಗೆ ಹೇಳಿಕೊಟ್ಟಾನೆ ಹೊರತು ಪಕ್ಕದ ಬೀದಿಯವನಿಗೆ ಹೇಳನು. ಹೀಗಿರಲು, ಗುಟ್ಟನ್ನು ಕಾಯುವ ಜನ ಬಾಯಿ ಬಿಟ್ಟದ್ದು ಯಾವಾಗ? ಬಾಯಿ ಬಿಟ್ಟದ್ದರಿಂದ ಆದ ಲಾಭವೇನು? ಇದರ ಚರಿತ್ರೆ ಸ್ವಾರಸ್ಯವಾಗಿದೆ. ಇಂದಿನ ನಮ್ಮ ಕೂಟಗಳಿಗೆ ಅದರಿಂದ ಒಂದು ಪಾಠವೂ ಇದೆ.

ವರ್ತಕರ ಸಂಘ ನಮ್ಮ ನಾಡಿಗೆ ಹೊಸದೇನಲ್ಲ. ಬಾಗಲಕೋಟೆ ಜಿಲ್ಲೆಯ ಐಹೊಳೆ, ಶಾಸನಗಳ ಅಯ್ಯಾವೊಳೆ, ಐನೂರ್ವರು ಸ್ವಾಮಿಗಳೆಂಬ ಮಹಾ ವಣಿಕ್ ಸಂಘಕ್ಕೆ ಹೆಸರನ್ನು ಕೊಟ್ಟ ಊರು. ದಕ್ಷಿಣ ಭಾರತದಲ್ಲೆಲ್ಲ ಅವರ ಶಾಸನಗಳಿವೆ. ಕಡಲಾಚೆಯ ಸುಮಾತ್ರಾ ದ್ವೀಪದಲ್ಲಿಯೂ ೧೦೮೮ರ ತಮಿಳು ಶಾಸನವೊಂದು ಅವರನ್ನು ಹೆಸರಿಸುತ್ತದೆ. ಅವರು ಕೂಡಿ ನಿರ್ಣಯ ಮಾಡುತ್ತಿದ್ದರು. ದೇವಸ್ಥಾನಗಳಿಗೆ ತಮ್ಮ ಸರಕಿನ ಮೇಲೆ ಸುಂಕ ಬಿಡುತ್ತಿದ್ದರು. ಅವರ ಶಾಸನಗಳ ಆರಂಭದಲ್ಲಿ ಬರುವ ಪ್ರಶಸ್ತಿ ದೀರ್ಘವಾದದ್ದು, ಗಂಭೀರವಾದದ್ದು. ಆದರೆ ಪ್ರಶಸ್ತಿ ಎಂದರೇನು? ಕೀರ್ತಿಯನ್ನು ಹೇಳುವ ಬರಹ. ಯಾವ ಸರಕು ಯಾವ ಊರಿನಲ್ಲಿ ಮಾರಾಟವಾಗದೆ ಉಳಿಯಿತು, ಯಾರ ಮಾತನ್ನು ನಂಬಿ ಯಾರು ಕೆಟ್ಟರು ಎಂಬುದಕ್ಕೆ ಅಲ್ಲಿ ಎಡೆಯಿಲ್ಲ. ಕಲ್ಲಿನಲ್ಲಿ ಕೆತ್ತುವುದು ಗೆಲವನ್ನೇ. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ನಾವು ಅಮೆರಿಕಕ್ಕೆ ಹೋಗೋಣ. ಈಗಿನ ವರ್ತಕರ ಕೂಟಗಳ ರೂಪ ಮೊದಲು ಸ್ಪಷ್ಟವಾಗಿ ಕಾಣುವುದು ಅಲ್ಲಿಯ ಫಿಲಡೆಲ್ಫಿಯ ನಗರದಲ್ಲಿ, ೧೭೨೭ರಲ್ಲಿ. ಆಗ ಅದು ಬ್ರಿಟಿಷರ ವಸಾಹತು. ಅಲ್ಲಿಯ ಮುದ್ರಣಾಲಯವೊಂದರಲ್ಲಿ ಕೆಲಸ ಮಾಡುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ ಎಂಬ ೨೧ ವರ್ಷದ ತರುಣ ತನ್ನ ಗೆಳೆಯರನ್ನು ಕೂಡಿಸಿ 'ಜಂಟೊ' ಎಂಬ ಕೂಟವನ್ನು ಕಟ್ಟಿದ. ಶುಕ್ರವಾರ ಸಂಜೆ ಸಭೆ. ಸದಸ್ಯರು ಯಾರೆಂದರೆ ಮುದ್ರಣಕಾರರು, ಭೂಮಾಪಕ, ಜೋಡು ಹೊಲಿಯುವವನು, ಗಾಜು ಕೂರಿಸುವವನು, ಬಡಗಿ, ವರ್ತಕರ ಗುಮಾಸ್ತ. ಸಿರಿವಂತರು ಹೆಚ್ಚಿಗೆ ಇರಲಿಲ್ಲ; ಕೈಕೆಲಸದಿಂದ ಬದುಕುವವರೇ ಬಹುಮಂದಿ.

ಸಭೆಗೆ ಬರುವ ಮುನ್ನ ಪ್ರತಿಯೊಬ್ಬನೂ ಓದಿ ಯೋಚಿಸಿಕೊಂಡು ಬರಬೇಕಾದ ೨೪ ಪ್ರಶ್ನೆಗಳನ್ನು ಫ್ರಾಂಕ್ಲಿನ್ ಗೊತ್ತುಮಾಡಿದ್ದ. ಅವುಗಳಲ್ಲಿ ಕೆಲವು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದವು. ಊರಿನಲ್ಲಿ ಈಚೆಗೆ ಯಾರಾದರೂ ವ್ಯಾಪಾರದಲ್ಲಿ ಸೋತರೆ? ಅದಕ್ಕೆ ಕಾರಣವೇನೆಂದು ಕೇಳಿದಿರಿ? ಯಾರಾದರೂ ಏಳಿಗೆಗೆ ಬಂದರೆ? ಯಾವ ಉಪಾಯದಿಂದ? ಹೊಸದಾಗಿ ಕಸಬು ಆರಂಭಿಸಿರುವ ತರುಣನಿಗೆ ಕೂಟದವರು ಯಾವ ರೀತಿ ಉತ್ತೇಜನ ಕೊಡಬಹುದು? ಹೀಗೆ ಪ್ರಶ್ನೆಗಳು ಸಾಗುತ್ತವೆ. ಗೆಲವಿನ ಕಾರಣವನ್ನು ಕೇಳುವಷ್ಟೇ ಆಸಕ್ತಿಯಿಂದ ಸೋಲಿನ ಕಾರಣವನ್ನೂ ಕೇಳಬೇಕೆಂಬುದು ಅಲ್ಲಿಯ ನಿಯಮ. ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬ ಸದಸ್ಯನೂ ತಾನೇ ಬರೆದ ಪ್ರಬಂಧವನ್ನು ಓದಬೇಕಾಗಿತ್ತು. ವಾದದಲ್ಲಿ ಇನ್ನೊಬ್ಬನ ಮಾತನ್ನು ಮುಖಕ್ಕೆ ಹೊಡೆದಂತೆ ಅಲ್ಲಗಳೆಯಕೂಡದು, ತನ್ನ ಮಾತೇ ನಿಶ್ಚಯವೆಂದು ಸಾಧಿಸಕೂಡದು. ಹಾಗೆ ಮಾಡಿದವರಿಗೆ ಸಣ್ಣ ದಂಡ ಬೀಳುತ್ತಿತ್ತು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಗಾದೆಯನ್ನು ಅವರು ನಿಯಮವಾಗಿಯೇ ಮಾಡಿಕೊಂಡಿದ್ದರೆನ್ನಬಹುದು.

ಇದರಿಂದ ವ್ಯಾಪಾರಕ್ಕೆ ಏನು ಬಂತು ಎಂದು ಕೇಳುವಿರಾ? ಬಂತು. ಫ್ರಾಂಕ್ಲಿನ್ ಸ್ವಂತ ಮುದ್ರಣಾಲಯ ತೆರೆದಾಗ ಕೂಟದ ಸದಸ್ಯನಾದ ಜೋಸೆಫ್ ಬ್ರೈಂಟ್‌ನಲ್ ಕ್ವೇಕರ್ ಪಂಥದವರ ಚರಿತ್ರೆಯ ೪೦ ಹಾಳೆಗಳ ಮುದ್ರಣವನ್ನು ಅವನಿಗೆ ಕೊಡಿಸಿದ. ದರ ಕಡಮೆ, ಕೆಲಸ ಹೆಚ್ಚು. ಒಂದು ರಾತ್ರಿ ಜೋಡಿಸಿಟ್ಟ ಮೊಳೆಗಳು ಕದಡಿ ಎರಡು ಪುಟ ಹಾಳಾದುವು; ಫ್ರಾಂಕ್ಲಿನ್ ಮಲಗಲು ಹೋಗದೆ ಅವನ್ನು ಮತ್ತೆ ಜೋಡಿಸಿಯೇ ಎದ್ದ. ಅವನ ಈ ದುಡಿಮೆಯನ್ನು ನೆರೆಹೊರೆಯವರು ಕಂಡರು, ಊರಿನಲ್ಲಿ ಅವನ ಮಾತಿಗೆ ಬೆಲೆ ಬಂತು. ಮುಂದೆ ಅವನ ಪಾಲುಗಾರನ ಕಡೆಯ ಹಣ ನಿಂತು ಮುದ್ರಣಾಲಯ ಕೈಬಿಡುವಂತಾದಾಗ, ಕೂಟದ ಮಿತ್ರರಾದ ವಿಲಿಯಂ ಕೋಲ್‌ಮನ್ ಮತ್ತು ರಾಬರ್ಟ್ ಗ್ರೇಸ್ ಎಂಬಿಬ್ಬರು, ಒಬ್ಬರಿಗೊಬ್ಬರು ತಿಳಿಯದಂತೆ ಬೇರೆ ಬೇರೆಯಾಗಿ ಬಂದು, ಬೇಕಾದ ಹಣವನ್ನೆಲ್ಲ ಕೊಡುವೆವೆಂದರು. ಯಾರಿಗೂ ನೋವಾಗದಿರಲೆಂದು ಅವನು ಇಬ್ಬರಿಂದಲೂ ಅರ್ಧರ್ಧ ತೆಗೆದುಕೊಂಡ. ಅಡವಿಲ್ಲದೆ ಸಾಲ ಹುಟ್ಟಬೇಕಾದರೆ ಮನುಷ್ಯನನ್ನು ಬಲ್ಲವರು ಬೇಕು. ವಾರ ವಾರವೂ ಅವನ ಮಾತನ್ನು ಕೇಳಿ, ಅವನ ನಡತೆಯನ್ನು ನೋಡಿ ಬಲ್ಲವರಾದವರು ಈ ಇಬ್ಬರು.

ಊರಿಗೂ ಲಾಭವಾಯಿತು. ೧೭೩೧ರಲ್ಲಿ ೫೦ ಮಂದಿ ಚಂದಾದಾರರೊಡನೆ ಆರಂಭವಾದ ಪುಸ್ತಕ ಭಂಡಾರ, ೧೭೩೬ರ ಬೆಂಕಿ ಆರಿಸುವ ಸಂಘ, ಇವೆರಡರ ಯೋಚನೆಯೂ ಮೊಳೆತದ್ದು ಜಂಟೊ ಕೂಟದ ಮಾತುಕತೆಯಲ್ಲಿ. ರಾತ್ರಿಯ ಗಸ್ತಿಗಾಗಿ ಬಡ ವಿಧವೆಯೂ ಭಾರಿ ವರ್ತಕನೂ ಒಂದೇ ಮೊತ್ತವನ್ನು ತೆರುವುದು ಅನ್ಯಾಯವೆಂದು ಫ್ರಾಂಕ್ಲಿನ್ ಪ್ರಬಂಧ ಓದಿದ್ದೂ ಅಲ್ಲಿಯೇ.

ಸುಮಾರು ೧೮೦ ವರ್ಷಗಳ ತರುವಾಯ, ಅದೇ ದೇಶದ ಚಿಕಾಗೋ ನಗರದಲ್ಲಿ ಮತ್ತೊಂದು ಕೂಟ ಹುಟ್ಟಿತು. ೧೯೦೦ರ ಜನಗಣತಿಯ ಹೊತ್ತಿಗೆ ಚಿಕಾಗೋದ ಜನಸಂಖ್ಯೆ ಸುಮಾರು ೧೭ ಲಕ್ಷ. ಹಳ್ಳಿಯಿಂದ ಬಂದವನಿಗೆ ಅಲ್ಲಿ ಹೆಸರು ಹಿಡಿದು ಕರೆಯುವವರಿಲ್ಲ. ಪಾಲ್ ಹ್ಯಾರಿಸ್ ಎಂಬ ವಕೀಲರು ಅಂಥವರಲ್ಲಿ ಒಬ್ಬರು. ಅಜ್ಜ ಅಜ್ಜಿಯರ ಬಳಿ ಸಣ್ಣ ಊರಿನಲ್ಲಿ ಬೆಳೆದು ೧೮೯೬ರಲ್ಲಿ ಚಿಕಾಗೋಗೆ ಬಂದವರು. ನಗರದ ಹೊರವಲಯದಲ್ಲಿ ವಾಸವಾಗಿದ್ದ ವಕೀಲ ಮಿತ್ರನೊಬ್ಬನೊಡನೆ ಒಂದು ಸಂಜೆ ತಿರುಗಾಡುತ್ತಿದ್ದಾಗ, ಆ ಮಿತ್ರ ಅಂಗಡಿ ಅಂಗಡಿಯವರನ್ನೂ ಹೆಸರು ಹಿಡಿದು ಮಾತನಾಡಿಸುತ್ತಿದ್ದುದನ್ನು ಅವರು ಕಂಡರು. ತಮ್ಮ ಊರಿನ ನೆನಪು ಬಂತು. ೧೯೦೫ನೆಯ ಫೆಬ್ರವರಿ ೨೩ರಂದು ಹ್ಯಾರಿಸ್, ಕಲ್ಲಿದ್ದಲ ವ್ಯಾಪಾರಿ ಸಿಲ್ವೆಸ್ಟರ್ ಶೀಲ್, ಗಣಿ ಎಂಜಿನಿಯರು ಗಸ್ಟಾವಸ್ ಲೋರ್, ಉಡುಪಿನ ವರ್ತಕ ಹೈರಮ್ ಶೋರಿ, ಈ ನಾಲ್ವರು ಲೋರ್ ಅವರ ಕಚೇರಿಯಲ್ಲಿ ಸೇರಿದರು. ಮುಂದಿನ ಸಭೆ ಇನ್ನೊಬ್ಬರ ಕಚೇರಿಯಲ್ಲಿ, ಅದರ ಮುಂದಿನದು ಮತ್ತೊಬ್ಬರಲ್ಲಿ. ಹೀಗೆ ಸರದಿಯಂತೆ ಸುತ್ತುತ್ತಿದ್ದುದರಿಂದಲೇ 'ರೋಟರಿ' ಎಂಬ ಹೆಸರು ಬಂತು.

ಒಂದೊಂದು ಕಸಬಿಗೆ ಒಬ್ಬನೇ ಸದಸ್ಯನೆಂಬ ನಿಯಮವನ್ನು ಅವರು ಮಾಡಿಕೊಂಡರು. ಈ ನಿಯಮದ ಚಮತ್ಕಾರವನ್ನು ಗಮನಿಸಬೇಕು. ಕೋಣೆಯಲ್ಲಿ ಪ್ರತಿಸ್ಪರ್ಧಿ ಇಲ್ಲದ ಮೇಲೆ ಗುಟ್ಟನ್ನು ಕಾಯುವ ಅವಶ್ಯಕತೆ ಬಹುಮಟ್ಟಿಗೆ ಇಲ್ಲವಾಯಿತು! ಕಲ್ಲಿದ್ದಲಿನವನು ತನ್ನ ಲೆಕ್ಕವನ್ನು ದರ್ಜಿಯ ಮುಂದೆ ಧಾರಾಳವಾಗಿ ಹೇಳಬಹುದು. ಸದಸ್ಯನು ತನ್ನ ಕಸಬನ್ನು ಕುರಿತು ತಾನೇ ಉಪನ್ಯಾಸ ಮಾಡುವ ಪದ್ಧತಿ ರೋಟರಿಯಲ್ಲಿ ನೆಲೆಯಾಯಿತು. ಊರಿನ ಎಲ್ಲ ಕಸಬುಗಳ ಒಳಗನ್ನೂ ಒಂದೇ ಕೋಣೆಯಲ್ಲಿ ಕುಳಿತು ತಿಳಿಯುವ ದಾರಿ ಹೀಗೆ ತೆರೆಯಿತು.

ಆದರೆ ಆರಂಭದಲ್ಲಿ ಉದ್ದೇಶ ಅಷ್ಟೇನೂ ಉನ್ನತವಾಗಿರಲಿಲ್ಲ. ಸ್ನೇಹದ ಜೊತೆಗೆ, ಒಬ್ಬರಿಗೊಬ್ಬರು ವ್ಯಾಪಾರ ಕೊಡಿಸುವುದೂ ಗುರಿಯಾಗಿತ್ತು. ಯಾರಿಂದ ಯಾರಿಗೆ ಎಷ್ಟು ವ್ಯಾಪಾರ ಬಂತೆಂಬುದನ್ನು ಬರೆದಿಡಲು ಒಬ್ಬ ಲೆಕ್ಕಿಗನನ್ನೇ ನೇಮಿಸಿದ್ದರು. ೧೯೦೬ರಲ್ಲಿ ಡೊನಾಲ್ಡ್ ಕಾರ್ಟರ್ ಎಂಬ ವಕೀಲರನ್ನು ಸದಸ್ಯರಾಗಿರೆಂದು ಕರೆದಾಗ ಅವರು ಒಪ್ಪಲಿಲ್ಲ. ತನ್ನ ಸದಸ್ಯರಿಗೆ ಹೊರತು ಊರಿಗೆ ಉಪಯೋಗವಾಗದ ಕೂಟ ಬಾಳಲಾರದು ಎಂಬುದು ಅವರ ಅಭಿಪ್ರಾಯ. ಹೊರಗಿನವನ ಈ ಮಾತು ಒಳಗಿನವರಿಗೆ ನಾಟಿತು. ಅವರ ಮೊದಲ ಸಾರ್ವಜನಿಕ ಕಾರ್ಯ ಯಾವುದು ಬಲ್ಲಿರಾ? ಚಿಕಾಗೋ ಪೇಟೆಯಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವ ಯತ್ನ. ೧೯೦೭ರಲ್ಲಿ ಆ ಕೆಲಸವನ್ನು ಕೈಗೊಂಡರು.

ಮತ್ತೊಂದು ಮಾತು ಉಪನ್ಯಾಸದ ರೂಪದಲ್ಲಿಯೇ ಬಂತು. ಆರ್ಥರ್ ಫ್ರೆಡರಿಕ್ ಶೆಲ್ಡನ್ ಎಂಬವರು ಚಿಕಾಗೋದಲ್ಲಿ ಮಾರಾಟದ ವಿದ್ಯೆಯನ್ನು ಕಲಿಸುವ ಶಾಲೆ ನಡೆಸುತ್ತಿದ್ದವರು. ೧೯೧೦ರಲ್ಲಿ ೧೬ ಕ್ಲಬ್ಬುಗಳು ಕೂಡಿ ನಡೆಸಿದ ಮೊದಲ ಸಮ್ಮೇಳನದಲ್ಲಿ ಅವರು ಮಾತನಾಡುತ್ತ, ಲಾಭವೆಂಬುದು ಸೇವೆಯ ಹಿಂದೆ ಬರುವ ನೆರಳು ಎಂಬರ್ಥದ ವಿಚಾರವನ್ನು ಮುಂದಿಟ್ಟರು. ಮರುವರ್ಷ ಪೋರ್ಟ್‌ಲೆಂಡ್ ಸಮ್ಮೇಳನದಲ್ಲಿ ಆ ವಿಚಾರ ಸಭೆಯ ಮನಸ್ಸನ್ನು ಗೆದ್ದಿತು. ವ್ಯಾಪಾರ ಕೊಡಿಸುವ ಲೆಕ್ಕ ಕ್ರಮೇಣ ಹಿಂದೆ ಸರಿಯಿತು. ವ್ಯಾಪಾರಂ ದ್ರೋಹಚಿಂತನಂ ಎಂದು ನಗುವವರು ನಮ್ಮಲ್ಲಿ ಹಿಂದೆಯೂ ಇದ್ದರು, ಇಂದೂ ಇದ್ದಾರೆ. ವ್ಯಾಪಾರಿಗಳೇ ತಮ್ಮ ಸಭೆಯಲ್ಲಿ ಎದ್ದು ನಿಂತು ಆ ಅಪವಾದವನ್ನು ಎದುರಿಸಿದ ಸಂದರ್ಭ ಇದು.

ಮಾತಾಡಿದ್ದಷ್ಟೇ ಸರಿ, ನಡೆದದ್ದುಂಟೆ ಎಂದು ನೀವು ಕೇಳಬಹುದು. ಒಂದು ನಿದರ್ಶನವನ್ನು ಹೇಳುತ್ತೇನೆ. ೧೯೩೨ರಲ್ಲಿ ಅಮೆರಿಕ ಮಹಾ ಆರ್ಥಿಕ ಕುಸಿತದಲ್ಲಿ ಸಿಕ್ಕಿತ್ತು. ಚಿಕಾಗೋದ ಕ್ಲಬ್ ಅಲ್ಯೂಮಿನಂ ಎಂಬ ಪಾತ್ರೆಯ ಕಂಪನಿ, ಇರುವ ಆಸ್ತಿಗಿಂತ ೪ ಲಕ್ಷ ಡಾಲರಿಗೂ ಮಿಗಿಲಾದ ಸಾಲದಲ್ಲಿ ಮುಳುಗಿತ್ತು. ಅದನ್ನು ಎತ್ತಲು ಬಂದ ಹರ್ಬರ್ಟ್ ಟೇಲರ್ ಎಂಬ ರೋಟರಿ ಸದಸ್ಯರು, ನೌಕರರೆಲ್ಲರೂ ಬಾಯಿಪಾಠ ಮಾಡಬಹುದಾದ ನಾಲ್ಕು ಚಿಕ್ಕ ಪ್ರಶ್ನೆಗಳನ್ನು ಬರೆದರು. ನಾವು ಹೇಳುವುದು ನಿಜವೆ, ಎಲ್ಲರಿಗೂ ನ್ಯಾಯವೆ, ಸೌಹಾರ್ದವನ್ನು ಬೆಳೆಸುವುದೆ, ಎಲ್ಲರಿಗೂ ಹಿತವೆ ಎಂಬುದು ಅವುಗಳ ತಾತ್ಪರ್ಯ. ಮೊದಲ ಪೆಟ್ಟು ಬಿದ್ದದ್ದು ಕಂಪನಿಯ ಜಾಹೀರಾತಿಗೇ. 'ಎಲ್ಲಕ್ಕಿಂತ ಉತ್ತಮ' ಎಂಬಂಥ ಪದಗಳನ್ನು ಕಿತ್ತುಹಾಕಿದರು, ಏಕೆಂದರೆ ಅವನ್ನು ರುಜುವಾತುಪಡಿಸಲು ಬರುವಂತಿರಲಿಲ್ಲ. ಮುದ್ರಣಕಾರನೊಬ್ಬ ತನ್ನ ದರಪಟ್ಟಿಯಲ್ಲಿ ೫೦೦ ಡಾಲರ್ ತಪ್ಪಾಗಿ ಕಡಮೆ ಹಾಕಿ ಕೆಲಸ ಪಡೆದಿದ್ದ. ಕಾನೂನಿನಂತೆ ಆ ನಷ್ಟ ಅವನದೇ. ಆದರೂ ಕಂಪನಿ ಆ ಹಣವನ್ನು ಕೂಡಿಸಿ ಕೊಟ್ಟಿತೆಂದು ಟೇಲರ್ ಹೇಳಿದ್ದಾರೆ. ಐದು ವರ್ಷಗಳಲ್ಲಿ ಸಾಲ ತೀರಿತು. ೧೯೪೩ರಲ್ಲಿ ರೋಟರಿ ಆ ನಾಲ್ಕು ಪ್ರಶ್ನೆಗಳನ್ನು ತನ್ನದಾಗಿ ಮಾಡಿಕೊಂಡಿತು. ಈ ಕಥೆ ಅನೇಕ ಕ್ಲಬ್ಬುಗಳಲ್ಲಿ ಇಂದಿಗೂ ಉಳಿದಿರುವುದಕ್ಕೆ ಕಾರಣವನ್ನು ಯೋಚಿಸಿ: ಅದು ಗೆದ್ದವನ ಪ್ರಶಸ್ತಿಯಾಗಿ ತೊಡಗುವುದಿಲ್ಲ; ಮುಳುಗಿದವನ ಲೆಕ್ಕವಾಗಿ ತೊಡಗುತ್ತದೆ.

ಇಂಥ ಕೂಟಗಳು ಭಾರತಕ್ಕೂ ಬಂದುವು. ೧೯೧೯ರಲ್ಲಿ ಕಲ್ಕತ್ತೆಯಲ್ಲಿ ರೋಟರಿ ಆರಂಭವಾಯಿತು. ಚಿಕಾಗೋದ ವಿಮಾ ವ್ಯಾಪಾರಿ ಮೆಲ್ವಿನ್ ಜೋನ್ಸ್ ಮುಂದಾಗಿ ೧೯೧೭ರಲ್ಲಿ ಸ್ಥಾಪಿಸಿದ ಲಯನ್ಸ್ ಸಂಸ್ಥೆಯೂ ಅನಂತರ ನಮ್ಮ ಪಟ್ಟಣಗಳಿಗೆ ಬಂತು. ಆದರೆ ವರ್ತಕರನ್ನು ಕರೆದು ಮಾತನಾಡಿಸುವ ಕೆಲಸ ಮೈಸೂರು ಸಂಸ್ಥಾನದಲ್ಲಿ ಅದಕ್ಕೂ ಮುಂಚೆ ಬೇರೊಂದು ದಾರಿಯಲ್ಲಿ ನಡೆದಿತ್ತು. ೧೯೧೧ರ ಜೂನ್ ತಿಂಗಳಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರು ಮೈಸೂರು ಆರ್ಥಿಕ ಸಮ್ಮೇಳನವನ್ನು ಆರಂಭಿಸಿದರು. ಅದರ ಹಿಂದಿನ ಪ್ರೇರಣೆ ಆಗ ಮುಖ್ಯ ಎಂಜಿನಿಯರಾಗಿದ್ದ ಎಂ. ವಿಶ್ವೇಶ್ವರಯ್ಯನವರದು. ವ್ಯವಸಾಯ, ವಿದ್ಯೆ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಮೂರು ಸಮಿತಿಗಳು. ಅಧಿಕಾರಿಗಳ ಜೊತೆಗೆ ಖಾಸಗಿ ಮಹನೀಯರೂ ಕುಳಿತು ನಾಡಿನ ದುಡಿಮೆಯ ಮಾತನ್ನು ಆಡಿದರು. ೧೯೧೩ರಲ್ಲಿ ಮೈಸೂರು ಬ್ಯಾಂಕು ತೆರೆಯಿತು. ೧೯೧೬ರಲ್ಲಿ ಬೆಂಗಳೂರಿನಲ್ಲಿ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪಿತವಾಯಿತು. ಚಿಕಾಗೋದಲ್ಲಿ ವರ್ತಕರೇ ಮೊದಲು ಕೂಡಿದರು, ಅನಂತರ ಊರನ್ನು ನೆನೆದರು. ಮೈಸೂರಿನಲ್ಲಿ ಊರನ್ನು ನೆನೆದವರು ಮೊದಲು ಕೂಡಿ, ಅನಂತರ ವರ್ತಕರನ್ನು ಕರೆದರು. ದಾರಿ ಬೇರೆ, ಸೇರಿದ ಕಡೆ ಒಂದೇ.

ಈ ಚರಿತ್ರೆಯ ಕತ್ತಲೆಯ ಮಗ್ಗುಲನ್ನೂ ಹೇಳಬೇಕಲ್ಲವೆ? ಜಂಟೊ ಕೂಟದಲ್ಲಿ ಸ್ತ್ರೀಯರಿರಲಿಲ್ಲ. ರೋಟರಿಯಲ್ಲಿಯೂ ಬಹುಕಾಲ ಸದಸ್ಯತ್ವ ಪುರುಷರಿಗೇ ಮೀಸಲು. ಕ್ಯಾಲಿಫೋರ್ನಿಯದ ಡ್ವಾರ್ಟೆ ಎಂಬ ಊರಿನ ಕ್ಲಬ್ಬು ೧೯೭೭ರಲ್ಲಿ ಮೂವರು ಸ್ತ್ರೀಯರನ್ನು ಸದಸ್ಯರಾಗಿ ಸೇರಿಸಿಕೊಂಡಿತು. ಮಾತೃಸಂಸ್ಥೆ ಮರುವರ್ಷ ಆ ಕ್ಲಬ್ಬಿನ ಮಾನ್ಯತೆಯನ್ನೇ ಕಿತ್ತುಕೊಂಡಿತು. ವ್ಯಾಜ್ಯ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ೧೯೮೭ರಲ್ಲಿ ತೀರ್ಪು ಡ್ವಾರ್ಟೆ ಕ್ಲಬ್ಬಿನ ಕಡೆ ಆಯಿತು. ೧೯೮೯ರಲ್ಲಿ ರೋಟರಿ ತನ್ನ ನಿಯಮವನ್ನೇ ಬದಲಾಯಿಸಿ ಲೋಕದಲ್ಲೆಲ್ಲ ಸ್ತ್ರೀಯರಿಗೆ ಬಾಗಿಲು ತೆರೆಯಿತು. ಕೋಣೆಯಲ್ಲಿ ಕುಳಿತ ಎಲ್ಲ ಕಸಬಿನವರ ಮಾತನ್ನೂ ಕೇಳುತ್ತೇವೆಂದು ೮೦ ವರ್ಷ ಹೇಳಿಕೊಂಡವರು, ಅರ್ಧ ಲೋಕವನ್ನು ಕೋಣೆಯ ಹೊರಗೆ ನಿಲ್ಲಿಸಿದ್ದರು. ಗೆಳೆತನ ಬೆಸೆದಲ್ಲಿ ವ್ಯಾಪಾರವೂ ಸಾಲವೂ ಹರಿಯುತ್ತವೆಂಬುದನ್ನು ಫ್ರಾಂಕ್ಲಿನ್ನನ ಕಥೆಯಲ್ಲಿ ಕಂಡೆವು. ಹೊರಗೆ ನಿಂತವರಿಗೆ ತಪ್ಪಿದ್ದು ಉಪಾಹಾರ ಮಾತ್ರವಲ್ಲವೆಂದು ಅದರಿಂದಲೇ ತಿಳಿಯಬಹುದು.

ಈಚಿನ ಕಾಲದಲ್ಲಿ ಚಕ್ರ ಒಂದು ಸುತ್ತು ತಿರುಗಿ ಬಂದಿದೆ. ೧೯೮೫ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಐವನ್ ಮಿಸ್ನರ್ ಎಂಬವರು ಬಿ.ಎನ್.ಐ. ಎಂಬ ಸಂಸ್ಥೆಯನ್ನು ಆರಂಭಿಸಿದರು. ಅಲ್ಲಿಯೂ ಒಂದು ಕಸಬಿಗೆ ಒಬ್ಬನೇ ಸದಸ್ಯ. ಅಲ್ಲಿಯೂ ಯಾರು ಯಾರಿಗೆ ಎಷ್ಟು ವ್ಯಾಪಾರ ಕೊಡಿಸಿದರೆಂಬ ಲೆಕ್ಕ. ಸರದಿಯಂತೆ ಸದಸ್ಯರ ಉಪನ್ಯಾಸ. ೧೯೦೫ರ ಚಿಕಾಗೋ ಮತ್ತೆ ಎದ್ದುಬಂದಂತೆ! ಇಂದು ಅದರ ಶಾಖೆಗಳು ಕರ್ನಾಟಕದಲ್ಲಿಯೂ ಇವೆ. ೧೯೯೨ರಲ್ಲಿ ಸಿಲಿಕಾನ್ ಕಣಿವೆಯಲ್ಲಿ ನಮ್ಮ ಕಡೆಯ ಮೂಲದ ಉದ್ಯಮಿಗಳು ಕಟ್ಟಿದ 'ಟೈ' ಸಂಸ್ಥೆಯಾದರೋ, ಗೆದ್ದ ಉದ್ಯಮಿಗಳು ಹೊಸಬರಿಗೆ ದಾರಿ ತೋರಿಸಬೇಕೆಂಬ ಉದ್ದೇಶದ್ದು. ಬೆಂಗಳೂರಿನಲ್ಲಿ ಅದಕ್ಕೂ ಶಾಖೆಯುಂಟು. ವ್ಯಾಪಾರ ಕೊಡಿಸುವುದು ತಪ್ಪೆಂದು ನಾನು ಹೇಳಲಾರೆ. ಬ್ರೈಂಟ್‌ನಲ್ ಕೊಡಿಸಿದ ೪೦ ಹಾಳೆಗಳಿಲ್ಲದಿದ್ದರೆ ಫ್ರಾಂಕ್ಲಿನ್ನನ ಅಚ್ಚಿನ ಮನೆ ಏಳುತ್ತಿದ್ದುದೇ ಕಷ್ಟ. ಆದರೆ ಕೊಡಿಸಿದ ವ್ಯಾಪಾರವನ್ನು ಬರೆದಿಡುವ ಪುಸ್ತಕವಿದ್ದಂತೆ, ಕಲಿತ ಪಾಠವನ್ನು ಬರೆದಿಡುವ ಪುಸ್ತಕವೂ ಇರುವುದು ಒಳ್ಳೆಯದು.

ಇನ್ನು ನಮ್ಮ ಊರಿನ ಸಭೆಗೆ ಬರೋಣ. ಪಾಠ ಹೇಳುವ ಕಸಬಿನವನಾದ ನನಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಸರಿಯಾದ ಉತ್ತರವನ್ನು ಮಾತ್ರ ಹಲಗೆಯ ಮೇಲೆ ಬರೆದರೆ ಹುಡುಗರು ಅದನ್ನು ನಕಲು ಮಾಡುತ್ತಾರೆ, ಲೆಕ್ಕ ಎಲ್ಲಿ ತಪ್ಪಿತೆಂದು ತೋರಿಸಿದರೆ ಕಲಿಯುತ್ತಾರೆ. ಉದ್ಯಮಿಯ ಉಪನ್ಯಾಸವೂ ಹೀಗೆಯೆ. ಗೆದ್ದವನ ಗೆಲವಿನಲ್ಲಿ ದುಡಿಮೆಯ ಪಾಲೆಷ್ಟು, ಕಾಲದ ಪಾಲೆಷ್ಟು, ಅದೃಷ್ಟದ ಪಾಲೆಷ್ಟು ಎಂದು ಅವನಿಗೇ ತಿಳಿದಿರುವುದಿಲ್ಲ. ಅದೇ ದಾರಿಯಲ್ಲಿ ಹೋಗಿ ಕೆಟ್ಟ ಹತ್ತು ಮಂದಿಯನ್ನು ಯಾವ ಸಭೆಯೂ ಅತಿಥಿಗಳಾಗಿ ಕರೆಯುವುದಿಲ್ಲ. ಹೀಗಾಗಿ, ಮನೆಯ ಒಡವೆಯನ್ನು ಅಡವಿಟ್ಟು ಕಸಬು ತೆಗೆಯಬೇಕೆಂದಿರುವ ತರುಣ, ಬರಿಯ ಪ್ರಶಸ್ತಿಯನ್ನು ಕೇಳಿ ಹುರುಪಿನಿಂದ ಮನೆಗೆ ಹೋಗುತ್ತಾನೆ. ಆ ಹುರುಪಿನ ಬೆಲೆಯನ್ನು ತೆರುವವರು ಅವನ ಹೆಂಡತಿ ಮಕ್ಕಳು.

ಆದ್ದರಿಂದ ಮುಂದಿನ ಸಭೆಗೆ ಹೋಗುವ ವಾಚಕರಲ್ಲಿ ಒಂದು ಬಿನ್ನಹ. ವಂದನಾರ್ಪಣೆಗೆ ಮುಂಚೆ ಅತಿಥಿಗಳನ್ನು ವಿನಯದಿಂದ ಮೂರು ಪ್ರಶ್ನೆ ಕೇಳಿ. ಸ್ವಾಮಿ, ಮೊದಲ ಮೂರು ವರ್ಷ ಸಂಸಾರದ ಖರ್ಚು ನಡೆದದ್ದು ಯಾವುದರಿಂದ? ಒಡೆದುಹೋದ ಯತ್ನ ಯಾವುದು, ಅದಕ್ಕೆ ಕಾರಣವೇನು? ನಿಮ್ಮನ್ನು ನಂಬಿ ಸಾಲ ಕೊಟ್ಟವರು ಯಾರು, ನಂಬಿದ್ದು ಏತಕ್ಕೆ? ದೊಡ್ಡ ಮನುಷ್ಯರಾದವರು ಇದಕ್ಕೆ ಬೇಸರಪಡುವುದಿಲ್ಲ. ಪ್ರಶಸ್ತಿಯನ್ನು ಮುಗಿಸಿ ಲೆಕ್ಕಕ್ಕೆ ಕೈಹಾಕಲು ಅವರಿಗೂ ಒಂದು ಎಡೆ ದೊರೆತಂತಾಗುತ್ತದೆ. ಹಾಗೆಯೇ, ಬೀದಿಯ ಕೊನೆಯಲ್ಲಿ ಹಪ್ಪಳ ಸಂಡಿಗೆಯ ಕೆಲಸದಿಂದ ನಾಲ್ಕು ಮನೆಗಳಿಗೆ ಅನ್ನ ಹುಟ್ಟಿಸಿರುವ ತಾಯಿಯೊಬ್ಬರಿದ್ದರೆ ಅವರನ್ನೂ ಒಮ್ಮೆ ಅತಿಥಿಗಳಾಗಿ ಕರೆಯಿರಿ. ಅವರು ಭಾಷಣ ಕಲಿತವರಲ್ಲದಿರಬಹುದು. ಆದರೆ ಕಸಬಿನ ಲೆಕ್ಕ ಅವರ ಬೆರಳ ತುದಿಯಲ್ಲಿರುತ್ತದೆ, ಕೇಳಿದರೆ ಹೇಳುತ್ತಾರೆ.